ಸೀಳು ಅಂಗುಳದ ಶಸ್ತ್ರಕ್ರಿಯೆ: ನಾಯಿಮರಿಗಳು ಕಲಿಸಿದ ಪಾಠ

ನಮ್ಮ ಕಟ್ಟಡದ ಕೆಳಮನೆಯಲ್ಲಿ ಧಾರವಾಡದ ಕಡೆಯ ಸಂಸಾರವೊಂದಿದೆ. ಉದ್ಯೋಗದ ನಿಮಿತ್ತ ಮುಂಬಯಿಗೆ ಬಂದು ನೆಲಸಿದವರು. ಎರಡು ವರ್ಷದ ಹಿಂದೆ ಆ ಮನೆಯಲ್ಲಿ ಹೆಣ್ಣು ಕೂಸೊಂದು ಹುಟ್ಟಿತು. ಮುಖ ತುಂಬಿದ ಚಂದ್ರನಂತಿತ್ತು. ಕುಡಿದ ಹಾಲು ಮೂಗಿನಿಂದ ಹೊರಬಂದಾಗ ದಾದಿ ಕೂಸಿನ ಬಾಯೊಳಗೆ ಬೆರಳಿಟ್ಟು ನೋಡಿದಳು, ಅಂಗುಳ ಸೀಳಿತ್ತು. ತುಟಿ ಸರಿಯಾಗಿಯೇ ಇದ್ದುದರಿಂದ ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ಬಸುರಿಯಾಗಿದ್ದಾಗ ಗ್ರಹಣದ ದಿನ ಸೊಸೆ ತರಕಾರಿ ಹೆಚ್ಚಿದ್ದೇ ಇದಕ್ಕೆ ಕಾರಣವೆಂದು ಅಜ್ಜಿ ಕಣ್ಣೀರಿಟ್ಟರು. ಸೊಸೆ ಬಾಯಿ ಬಿಡಲಿಲ್ಲ. ಆದರೆ ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದಳು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ವೈದ್ಯನಲ್ಲ. ಆದರೂ ಕೇಳಿದಳು:

“ಮಾಸ್ತರ, ಒಬ್ಬ ಡಾಕ್ಟರು ಆರು ತಿಂಗಳಿಗೇ ಆಪರೇಶನ್ ಮಾಡಸ್ರಿ ಅಂತಾರ. ಇನ್ನೊಬ್ಬರು ವರ್ಷ ತುಂಬಲಿ, ಈಗ ಮಾಡಿದರ ಮ್ಯಾಲಿನ ದವಡಿ ಬೆಳೆಯೂದಿಲ್ಲ ಅಂತಾರ. ನಾವು ಯಾರ ಮಾತು ಕೇಳೂಣ್ರಿ?”

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಸೀಳಿದ್ದನ್ನು ಹೊಲಿದರೆ ದವಡೆಯ ಬೆಳವಣಿಗೆ ಏಕೆ ನಿಲ್ಲಬೇಕು? ಹಾಗೆಂದು ಕಂಡವರಾರು? ಹುಡುಕುತ್ತ ಹೋದವನಿಗೆ ಕೊನೆಗೆ ಸಿಕ್ಕಿದ್ದು ನಾಯಿಮರಿಗಳ ಕಥೆ. ಇಂಥ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಏಳುತ್ತಿರಬಹುದಾದ್ದರಿಂದ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಅಂಗುಳದ ಕೆಲಸ

ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಇಟ್ಟು ಹಿಂದಕ್ಕೆ ಸರಿಸುತ್ತ ಹೋಗಿರಿ. ಮೊದಲು ತಾಗುವುದು ಎಲುಬಿನ ಗಟ್ಟಿ ಅಂಗುಳ. ಅದರ ಹಿಂದೆ ಸ್ನಾಯುಗಳಿಂದಾದ ಮೃದು ಅಂಗುಳ. ಅದರ ಕೊನೆಯಲ್ಲಿ ತೂಗುವುದೇ ಕಿರುನಾಲಿಗೆ. ಗಟ್ಟಿ ಅಂಗುಳ ಬಾಯಿಗೂ ಮೂಗಿಗೂ ನಡುವಣ ಗೋಡೆಯಾದರೆ, ಮೃದು ಅಂಗುಳ ಅದರ ಕದ. ನುಂಗುವಾಗಲೂ ಮಾತಾಡುವಾಗಲೂ ಈ ಕದ ಮೇಲಕ್ಕೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ.

ನಮ್ಮ ವರ್ಣಮಾಲೆಯನ್ನು ಕಟ್ಟಿದ ಹಿರಿಯರಿಗೆ ಈ ಕದದ ಮರ್ಮ ಚೆನ್ನಾಗಿ ತಿಳಿದಿತ್ತೆನ್ನಬೇಕು. ‘ಪ ಫ ಬ ಭ ಮ’ ಎಂದು ಹೇಳಿ ನೋಡಿ. ಐದಕ್ಕೂ ತುಟಿಗಳೇ ಕೂಡುತ್ತವೆ. ಆದರೆ ಮೊದಲ ನಾಲ್ಕರಲ್ಲಿ ಕದ ಮುಚ್ಚಿ ಉಸಿರು ಬಾಯಲ್ಲಿ ಒತ್ತಿ ನಿಲ್ಲುತ್ತದೆ. ಐದನೆಯದರಲ್ಲಿ ಕದ ತೆರೆದು ಮೂಗಿನಿಂದ ಹೊರಡುತ್ತದೆ. ಐದು ವರ್ಗಗಳ ಇಪ್ಪತ್ತೈದು ಅಕ್ಷರಗಳಲ್ಲಿ ಅನುನಾಸಿಕಗಳು ಐದೇ; ಉಳಿದ ಇಪ್ಪತ್ತಕ್ಕೂ ಕದ ಮುಚ್ಚಲೇಬೇಕು. ಅಂಗುಳ ಸೀಳಿದ ಮಗುವಿಗೆ ಆ ಇಪ್ಪತ್ತೂ ಕಷ್ಟ. ‘ಬಾಳೆ’ ಎಂದರೆ ‘ಮಾಳೆ’ ಎಂದು ಕೇಳಿಸುತ್ತದೆ. ಮಗುವಿನ ಬುದ್ಧಿಗೆ ಯಾವ ಕುಂದೂ ಇರಲಾರದು. ಆದರೆ ಕೇಳಿದವರು ದಡ್ಡನೆಂದು ತಿಳಿದುಬಿಡುತ್ತಾರೆ. ಈ ಶಸ್ತ್ರಕ್ರಿಯೆಯ ಮುಖ್ಯ ಉದ್ದೇಶವೇ ಮಾತು.

ಇನ್ನು ಗ್ರಹಣದ ವಿಷಯ. ಗರ್ಭದಲ್ಲಿ ಅಂಗುಳ ಎರಡು ಹಲಗೆಗಳಂತೆ ಎಡದಿಂದಲೂ ಬಲದಿಂದಲೂ ಬೆಳೆದು, ಏಳನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ಮಧ್ಯದಲ್ಲಿ ಕೂಡಿಕೊಳ್ಳುತ್ತದೆ. ಕೂಡದೆ ಉಳಿದರೆ ಸೀಳು. ಅನುವಂಶೀಯತೆ, ತಾಯಿ ಸೇವಿಸಿದ ಕೆಲವು ಔಷಧಗಳು, ಧೂಮಪಾನ ಮುಂತಾದುವು ಇದಕ್ಕೆ ಕಾರಣವಾಗಬಲ್ಲವು. ಅನೇಕ ವೇಳೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಜಗತ್ತಿನಲ್ಲಿ ಸುಮಾರು 700 ಕೂಸುಗಳಿಗೆ ಒಂದು ಸೀಳು ತುಟಿಯೊಡನೆಯೋ ಸೀಳು ಅಂಗುಳದೊಡನೆಯೋ ಹುಟ್ಟುತ್ತದೆ. ಗ್ರಹಣವನ್ನೇ ಲೆಕ್ಕಿಸದ ದೇಶಗಳಲ್ಲಿಯೂ ಹುಟ್ಟುತ್ತದೆ. ನಾಯಿಗಳಿಗೂ ಇಂಥ ಮರಿಗಳಾಗುತ್ತವೆ. ಕೆನಡಾ ಮೂಲದ ಒಂದು ಬೇಟೆನಾಯಿಯ ತಳಿಯಲ್ಲಿ ಇದಕ್ಕೆ ಕಾರಣವಾದ ಜೀನಿನ ದೋಷವನ್ನು 2014ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಸೊಸೆಯ ಈಳಿಗೆಗೂ ಅಂಗುಳದ ಸೀಳಿಗೂ ಸಂಬಂಧವಿಲ್ಲ.

ಹೊಲಿಗೆಯ ಹುಟ್ಟು

ಸೀಳು ಅಂಗುಳವನ್ನು ಹೊಲಿಯುವ ಯತ್ನಗಳಲ್ಲಿ ಹೆಸರಾದುದು 1819ರಲ್ಲಿ ಪ್ಯಾರಿಸಿನಲ್ಲಿ ನಡೆದದ್ದು. ಸ್ಟೀವನ್ಸನ್ ಎಂಬ ಕೆನಡಾದ ವೈದ್ಯ ವಿದ್ಯಾರ್ಥಿಯ ಮೃದು ಅಂಗುಳವನ್ನು ಶಸ್ತ್ರವೈದ್ಯ ರೂ ಎಂಬಾತನು ಹೊಲಿದನು. ಅರಿವಳಿಕೆ ಇಲ್ಲದ ಕಾಲ. ರೋಗಿ ಎಚ್ಚರವಾಗಿಯೇ ಕುಳಿತು ಸಹಿಸಬೇಕಾಗಿತ್ತು. ಸಹಿಸಿದ ಆ ವಿದ್ಯಾರ್ಥಿ ಮುಂದೆ ಮಾಂಟ್ರಿಯಲ್ ನಗರದಲ್ಲಿ ವೈದ್ಯ ಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದನು.

ಗಟ್ಟಿ ಅಂಗುಳವನ್ನು ಮುಚ್ಚುವುದು ಇನ್ನೂ ಕಷ್ಟ. ಬಟ್ಟೆ ನಡುವೆ ಹರಿದು, ಅಂಚುಗಳನ್ನು ಎಳೆದರೂ ಕೂಡದಿದ್ದಾಗ ದರ್ಜಿ ಏನು ಮಾಡುತ್ತಾನೆ? ಪಕ್ಕದ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಸಡಿಲಿಸಿ ನಡುವಿಗೆ ತರುತ್ತಾನೆ. ಬರ್ಲಿನ್ನಿನ ಲಾಂಗೆನ್‌ಬೆಕ್ 1861ರಲ್ಲಿ ತಿಳಿಸಿದ ಕ್ರಮವೂ ಹೆಚ್ಚುಕಡಿಮೆ ಇದೇ. ಹಲ್ಲಿನ ಸಾಲಿನ ಒಳಗಡೆ ಎರಡೂ ಪಕ್ಕದಲ್ಲಿ ಗೀರಿ, ಅಂಗುಳದ ಮಾಂಸವನ್ನು ಎಲುಬಿನ ಪೊರೆಯ ಸಮೇತ ಎಬ್ಬಿಸಿ, ಮಧ್ಯಕ್ಕೆ ಸರಿಸಿ ಹೊಲಿಯುವುದು. ನಡುವಣ ಸೀಳು ಮುಚ್ಚಿತು. ಆದರೆ ಪಕ್ಕಗಳಲ್ಲಿ ಎಲುಬು ಬೆತ್ತಲೆಯಾಗಿ ಉಳಿಯಿತು. ಅದು ತಾನಾಗಿಯೇ ಮಾಗಬೇಕು.

ದೊಡ್ಡವರಲ್ಲಿ ಇದರಿಂದ ಅಂಥ ಬಾಧೆಯಿರಲಿಲ್ಲ. ಅವರ ದವಡೆ ಬೆಳೆದು ಮುಗಿದಿತ್ತು. 1846ರ ಅನಂತರ ಈಥರ್ ಬಂದು ಅರಿವಳಿಕೆ ಸಾಧ್ಯವಾಗಿ, ಕ್ರಮೇಣ ಎಳೆಯ ಮಕ್ಕಳಿಗೂ ಇದೇ ಕ್ರಮವನ್ನು ಅನುಸರಿಸಿದರು. ತೊಂದರೆ ಕಂಡದ್ದು ಆಮೇಲೆ. 1949ರಲ್ಲಿ ಅಮೆರಿಕದ ದಂತವೈದ್ಯ ಗ್ರೇಬರ್, ಶಸ್ತ್ರಕ್ರಿಯೆಯಾದ ಮಕ್ಕಳ ಮುಖಗಳನ್ನು ಎಕ್ಸ್-ರೇ ಚಿತ್ರಗಳಿಂದ ಅಳೆದು, ಅನೇಕರ ಮೇಲ್ದವಡೆ ಕುಗ್ಗಿರುವುದನ್ನು ತೋರಿಸಿಕೊಟ್ಟನು. ಕೆಳಗಿನ ಹಲ್ಲುಗಳು ಮೇಲಿನವನ್ನು ಮೀರಿ ಮುಂದೆ ಬಂದು, ಮುಖದ ನಡುಭಾಗ ತಗ್ಗಿದಂತೆ ಕಾಣುತ್ತಿತ್ತು.

ಈಗ ದೊಡ್ಡ ಸಂದೇಹವೊಂದು ಎದ್ದಿತು. ದವಡೆಯನ್ನು ಕುಗ್ಗಿಸಿದ್ದು ಹುಟ್ಟಿನ ದೋಷವೋ, ವೈದ್ಯನ ಕತ್ತಿಯೋ? ಸೀಳೂ ಕತ್ತಿಯೂ ಒಂದೇ ಮಗುವಿನ ಬಾಯಲ್ಲಿ ಕೂಡಿರುವಾಗ ಬೇರ್ಪಡಿಸಿ ಹೇಳುವುದು ಹೇಗೆ? ನಾಯಿಮರಿ ಪ್ರವೇಶಿಸಿದ್ದು ಇಲ್ಲಿ.

ನಾಯಿಯೇ ಏಕೆ?

ಮಗುವಿನ ಮುಖ ಬೆಳೆದು ಮುಗಿಯಲು ಹದಿನೇಳು ಹದಿನೆಂಟು ವರ್ಷ ಬೇಕು. ಇಂದು ಮಾಡಿದ ಶಸ್ತ್ರಕ್ರಿಯೆಯ ಗುಣದೋಷವನ್ನು ತಿಳಿಯುವ ಹೊತ್ತಿಗೆ ಅದೇ ಬಗೆಯಲ್ಲಿ ಸಾವಿರಾರು ಮಕ್ಕಳಿಗೆ ಶಸ್ತ್ರಕ್ರಿಯೆ ನಡೆದುಹೋಗಿರುತ್ತದೆ. ನಾಯಿಯಾದರೋ ಆರೇಳು ತಿಂಗಳಲ್ಲಿ ಹಾಲುಹಲ್ಲು ಕಳಚಿ ಶಾಶ್ವತ ಹಲ್ಲು ಪಡೆಯುತ್ತದೆ. ವರ್ಷ ತುಂಬುವಾಗ ಹೆಚ್ಚುಕಡಿಮೆ ಬೆಳೆದು ನಿಲ್ಲುತ್ತದೆ. ಅದರ ಬಾಯಿ ಶಸ್ತ್ರವೈದ್ಯನ ಕೈಗೆ ಎಟುಕುವಷ್ಟು ದೊಡ್ಡದು. ಬೀಗಲ್ ಎಂಬ ತಳಿಯ ನಾಯಿಗಳು ಗಾತ್ರದಲ್ಲಿ ಚಿಕ್ಕವು, ಸ್ವಭಾವದಲ್ಲಿ ಸಾಧು. ಒಂದರಂತೆ ಇನ್ನೊಂದು ಬೆಳೆಯುವುದರಿಂದ ಹೋಲಿಕೆಗೂ ಅನುಕೂಲ.

ಎಲ್ಲಕ್ಕಿಂತ ಮುಖ್ಯವಾಗಿ, ಸೀಳೇ ಇಲ್ಲದೆ ಹುಟ್ಟಿದ ಮರಿಯ ಅಂಗುಳದ ಮೇಲೆ ಶಸ್ತ್ರಕ್ರಿಯೆ ಮಾಡಿ ನೋಡಬಹುದು. ಆಗ ದವಡೆ ಕುಗ್ಗಿದರೆ ತಪ್ಪು ಹುಟ್ಟಿನದಲ್ಲ, ಕತ್ತಿಯದೇ ಎಂದು ಸಿದ್ಧವಾಗುತ್ತದೆ.

ಆದದ್ದು ಹಾಗೆಯೇ. ಎಳೆಯ ನಾಯಿಗಳಲ್ಲಿ ಅಂಗುಳದ ಪೊರೆಯನ್ನು ಎಬ್ಬಿಸಿದರೆ ದವಡೆಯ ಬೆಳವಣಿಗೆಗೆ ಅಡ್ಡಿಯಾಗುತ್ತದೆಂದು ಹೆರ್ಫರ್ಟ್ ಎಂಬ ವೈದ್ಯ 1958ರಲ್ಲಿ ಬರೆದನು. ಅಮೆರಿಕದ ಅಯೋವಾದಲ್ಲಿ ಕ್ರೆಮೆನಾಕ್, ಹಫ್‌ಮನ್, ಓಲಿನ್ ಎಂಬ ಮೂವರು 1967ರಿಂದ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೂ ಸೂಕ್ಷ್ಮಕ್ಕೆ ಹೋದರು. ಹಲ್ಲಿನ ಸಾಲಿನ ಪಕ್ಕದಲ್ಲಿ ಎಲುಬನ್ನು ಬೆತ್ತಲೆಯಾಗಿ ಬಿಟ್ಟಲ್ಲಿ ದವಡೆ ಅಗಲದಲ್ಲಿ ಕುಗ್ಗಿತು. ಲಾಂಗೆನ್‌ಬೆಕ್ಕನ ಕ್ರಮದಲ್ಲಿ ತಾನಾಗಿ ಮಾಗಲೆಂದು ಬಿಟ್ಟ ಜಾಗವೇ ಅದು!

ಏಕೆ ಹೀಗಾಗುತ್ತದೆಂಬುದನ್ನು ಬಿಡಿಸಿದವರು ಹಾಲೆಂಡಿನ ನೈಮೇಗನ್ ವಿಶ್ವವಿದ್ಯಾಲಯದವರು. 1980ರ ದಶಕದಿಂದ ಹಲವು ವರ್ಷ ಅವರು ಬೀಗಲ್ ಮರಿಗಳಲ್ಲಿ ಬೇರೆಬೇರೆ ವಯಸ್ಸಿನಲ್ಲಿ, ಬೇರೆಬೇರೆ ಕ್ರಮಗಳಿಂದ ಶಸ್ತ್ರಕ್ರಿಯೆ ಮಾಡಿ, ದವಡೆಗಳನ್ನು ಅಳೆದು, ಅಂಗುಳದ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಬೆತ್ತಲೆ ಎಲುಬಿನ ಮೇಲೆ ಮಾಗಿದ ಗಾಯದಲ್ಲಿ ಗಟ್ಟಿ ನಾರುಗಳು ಹುಟ್ಟಿ, ಎಲುಬಿನೊಳಗೇ ಬೇರುಬಿಟ್ಟಂತೆ ಅಂಟಿಕೊಂಡಿದ್ದವು. ಆ ನಾರು ಹಲ್ಲಿನ ಬುಡದವರೆಗೂ ಹಬ್ಬಿ, ಹುಟ್ಟುವ ಹಲ್ಲುಗಳನ್ನು ಒಳಕ್ಕೆ ಎಳೆದು ವಾಲಿಸುತ್ತಿತ್ತು.

ಹಿತ್ತಲಿನ ನುಗ್ಗೆಮರಕ್ಕೆ ಬಟ್ಟೆ ಒಣಗಿಸಲು ತಂತಿ ಬಿಗಿದುದನ್ನು ನೀವು ನೋಡಿರಬಹುದು. ಕಟ್ಟಿದ ದಿನ ಮರಕ್ಕೆ ಏನೂ ಆಗುವುದಿಲ್ಲ. ಮರ ಬೆಳೆಯುತ್ತದೆ, ತಂತಿ ಬೆಳೆಯುವುದಿಲ್ಲ. ಕೆಲವು ವರ್ಷಗಳಲ್ಲಿ ತಂತಿ ಕಚ್ಚಿದಲ್ಲಿ ಕಾಂಡ ಸೊರಗಿರುತ್ತದೆ. ಅಂಗುಳದ ಕಲೆಯೂ ಅಂಥದೇ ತಂತಿ.

ಕಾರಣ ತಿಳಿದ ಮೇಲೆ ಉಪಾಯ ಹುಡುಕಬಹುದಲ್ಲವೆ? ನೈಮೇಗನ್ನಿನ ಲೇನ್‌ಸ್ಟ್ರಾ ಮತ್ತು ಸಂಗಡಿಗರು ಎರಡು ಕ್ರಮಗಳನ್ನು ಹೋಲಿಸಿದರು. ಒಂದು, ಹಳೆಯ ಲಾಂಗೆನ್‌ಬೆಕ್ ಕ್ರಮ. ಇನ್ನೊಂದರಲ್ಲಿ ಹಲ್ಲಿನ ಹತ್ತಿರ ಮಾಂಸವನ್ನು ಎರಡು ಪದರವಾಗಿ ಸೀಳಿ, ಮೇಲಿನ ಪದರವನ್ನು ಮಾತ್ರ ನಡುವಿಗೆ ಸರಿಸಿ, ಎಲುಬಿನ ಪೊರೆಯನ್ನು ಎಲುಬಿನ ಮೇಲೆಯೇ ಬಿಟ್ಟರು. 1995ರಲ್ಲಿ ಪ್ರಕಟವಾದ ಅವರ ಫಲಿತಾಂಶ ಸ್ಪಷ್ಟವಾಗಿತ್ತು: ಎಲುಬನ್ನು ಬೆತ್ತಲೆ ಮಾಡದೆ ಮುಚ್ಚಿದ ನಾಯಿಗಳಲ್ಲಿ ಹಲ್ಲಿನ ಸಾಲು ಹೆಚ್ಚು ಚೆನ್ನಾಗಿ ಬೆಳೆಯಿತು. ಬೆತ್ತಲೆ ಎಲುಬಿನ ಮೇಲೆ, ಮುಂದೆ ತಾನಾಗಿ ಕರಗಿಹೋಗುವ ತೆಳು ಪೊರೆಯನ್ನು ಹೊದಿಸಿ ನಾರು ಅಂಟದಂತೆ ಮಾಡುವ ಪ್ರಯೋಗವೂ ಅಲ್ಲಿ ನಡೆಯಿತು.

ಸೀಳನ್ನು ಮುಚ್ಚುವುದೇ ಅಪರಾಧವಲ್ಲ, ಎಲುಬನ್ನು ಬೆತ್ತಲೆಯಾಗಿ ಬಿಡುವುದು ಅಪರಾಧ ಎಂಬುದು ಇಷ್ಟೆಲ್ಲದರ ತಿರುಳು. ಪೊರೆಯನ್ನು ಆದಷ್ಟು ಕಡಿಮೆ ಎಬ್ಬಿಸು, ಪಕ್ಕದ ಗೀರನ್ನು ಆದಷ್ಟು ಕಿರಿದು ಮಾಡು ಎಂಬುದು ಇಂದು ಅಂಗುಳದ ಶಸ್ತ್ರವೈದ್ಯರಿಗೆ ಬುದ್ಧಿಮಾತಾಗಿದೆ.

ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷ್ಯ ದೊರೆಯಿತು. ವೈದ್ಯ ಸಹಾಯ ದೊರೆಯದೆ ಸೀಳಿನೊಡನೆಯೇ ಬೆಳೆದು ದೊಡ್ಡವರಾದವರನ್ನು ಶ್ರೀಲಂಕೆಯಲ್ಲಿ ಪರೀಕ್ಷಿಸಿದ ಮಾರ್ಸ್ ಮತ್ತು ಹೂಸ್ಟನ್ ಎಂಬ ಬ್ರಿಟಿಷ್ ತಜ್ಞರು 1990ರಲ್ಲಿ ವರದಿ ಮಾಡಿದರು: ಕತ್ತಿ ಮುಟ್ಟದವರ ಮೇಲ್ದವಡೆ ಮುಂದಕ್ಕೆ ಚೆನ್ನಾಗಿಯೇ ಬೆಳೆದಿತ್ತು, ಚಿಕ್ಕಂದಿನಲ್ಲಿ ಅಂಗುಳ ಹೊಲಿಸಿಕೊಂಡವರದು ಹಿಂದೆ ಉಳಿದಿತ್ತು.

ನಾಯಿ ಹೇಳಲಾರದ ಮಾತು

ಹಾಗಾದರೆ ಬೆಳವಣಿಗೆ ಮುಗಿಯುವವರೆಗೆ ಕಾದು ಹೊಲಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಜರ್ಮನಿಯ ಮಾರ್ಬುರ್ಗ್ ನಗರದಲ್ಲಿ ಶ್ವೆಕೆಂಡೀಕ್ ಎಂಬ ವೈದ್ಯ 1944ರಿಂದ ಮೊದಲು ಮೃದು ಅಂಗುಳವನ್ನು ಮಾತ್ರ ಹೊಲಿದು, ಗಟ್ಟಿ ಅಂಗುಳವನ್ನು ಹನ್ನೆರಡನೆಯ ವಯಸ್ಸಿನ ಅನಂತರಕ್ಕೆ ಮುಂದೂಡುತ್ತಿದ್ದನು. ಅಯೋವಾದಿಂದ ಹೋದ ತಜ್ಞರು ಆ ರೋಗಿಗಳನ್ನು ಪರೀಕ್ಷಿಸಿ 1984ರಲ್ಲಿ ವರದಿಯಿತ್ತರು. ನಾಯಿಮರಿಗಳ ಪ್ರಯೋಗದಲ್ಲಿದ್ದ ಓಲಿನ್ ಆ ತಂಡದಲ್ಲಿಯೂ ಇದ್ದನು. ಮುಖಗಳು ಚೆನ್ನಾಗಿ ಬೆಳೆದಿದ್ದವು, ಆದರೆ ಅನೇಕರ ಮಾತು ಕೆಟ್ಟಿತ್ತು.

ನಾಯಿಯ ಸಾಕ್ಷ್ಯದ ಎಲ್ಲೆ ತಿಳಿಯುವುದು ಇಲ್ಲಿ. ದವಡೆ ಹೇಗೆ ಬೆಳೆಯುತ್ತದೆಂದು ನಾಯಿ ತೋರಿಸಬಲ್ಲದು, ‘ಬಾಳೆ’ ಎನ್ನಲಾರದು. ಅದರ ಮೂತಿ ಉದ್ದ, ಅಂಗುಳ ಉದ್ದ. ಅದು ನಡೆಯುವುದು ನಾಲ್ಕು ಕಾಲಿನಲ್ಲಿ. ಮೇಲಾಗಿ, ಆರೋಗ್ಯವಂತ ಮರಿಯ ಬಾಯಲ್ಲಿ ಮಾಡಿದ ಗಾಯಕ್ಕೂ ಹುಟ್ಟಿನಿಂದಲೇ ಮಾಂಸ ಎಲುಬು ಕೊರತೆಯಾದ ಸೀಳಿಗೂ ವ್ಯತ್ಯಾಸವುಂಟು. ಯಾವ ಕ್ರಮ ಎಲುಬಿಗೆ ಹಿತ ಎಂಬ ಪ್ರಶ್ನೆಗೆ ನಾಯಿ ಉತ್ತರ ಕೊಟ್ಟಿತು. ಯಾವ ವಯಸ್ಸು ಮಾತಿಗೆ ಹಿತ ಎಂಬುದನ್ನು ಮಕ್ಕಳಿಂದಲೇ ತಿಳಿಯಬೇಕಿತ್ತು.

ಅದನ್ನು ತಿಳಿಯುವ ದೊಡ್ಡ ಪರೀಕ್ಷೆ ನಡೆದದ್ದು ಬ್ರಿಟನ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಬ್ರೆಜಿಲ್ ದೇಶಗಳಲ್ಲಿ. ಅಂಗುಳ ಮಾತ್ರ ಸೀಳಿದ 558 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಲ್ಲಿಯೂ ಇನ್ನೊಂದಕ್ಕೆ ಹನ್ನೆರಡು ತಿಂಗಳಲ್ಲಿಯೂ ಶಸ್ತ್ರಕ್ರಿಯೆ ಎಂದು ಗೊತ್ತುಮಾಡಿದರು. ಐದು ವರ್ಷವಾದಾಗ ಮಾತನ್ನು ಪರೀಕ್ಷಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂಗಿನ ದಾರಿ ಸರಿಯಾಗಿ ಮುಚ್ಚದ ತೊಂದರೆ ಆರು ತಿಂಗಳ ಗುಂಪಿನಲ್ಲಿ ನೂರಕ್ಕೆ 8.9, ಹನ್ನೆರಡು ತಿಂಗಳ ಗುಂಪಿನಲ್ಲಿ ನೂರಕ್ಕೆ 15. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಮಾತಿಗೂ ಸಲ್ಲುತ್ತದೆ ಎಂದಾಯಿತು. ಆದರೆ ಎರಡನೆಯ ಗುಂಪಿನಲ್ಲಿಯೂ ಹೆಚ್ಚಿನ ಮಕ್ಕಳಿಗೆ ಈ ತೊಂದರೆ ಇರಲಿಲ್ಲವೆಂಬುದನ್ನು ಮರೆಯಬಾರದು. ಅವೆಲ್ಲ ಬೇರೆ ಕಾಯಿಲೆಯಿಲ್ಲದ ಕೂಸುಗಳು. ಐದು ವರ್ಷಕ್ಕೆ ದವಡೆಯ ಬೆಳವಣಿಗೆಯೂ ಮುಗಿದಿರುವುದಿಲ್ಲ.

ಒಂದು ಋಣ

ಇದನ್ನೆಲ್ಲ ಓದುವಾಗ ಮನಸ್ಸಿಗೆ ಕಸಿವಿಸಿಯಾಗದೆ ಇರಲಿಲ್ಲ. ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆ ಕೇಳಿ ಬೆಳೆದವರು ನಾವು. ಯಾವ ದೋಷವೂ ಇಲ್ಲದ ಮರಿಯ ಬಾಯಿಗೆ ಕತ್ತಿ ಹಾಕುವುದು ನ್ಯಾಯವೇ? ಪ್ರಾಣಿಗಳ ಬದಲು ಬೇರೆ ದಾರಿ ಹುಡುಕಬೇಕು, ಸಂಖ್ಯೆ ಕಡಿಮೆ ಮಾಡಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲಿಯೇ ಹೇಳಿದ್ದರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇಂಥ ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಗೆ ಅವಕಾಶ ಮಾಡಿಕೊಟ್ಟಿದೆ. ಒಮ್ಮೆ ಕಲಿತ ಪಾಠಕ್ಕಾಗಿ ಮತ್ತೆ ಮತ್ತೆ ಮರಿಗಳನ್ನು ನೋಯಿಸದಿರುವುದು, ಕಲಿತುದನ್ನು ಮಕ್ಕಳ ಹಿತಕ್ಕೆ ಮರೆಯದೆ ಬಳಸುವುದು, ಇವೆರಡರಿಂದಲೇ ಆ ಋಣ ಸ್ವಲ್ಪವಾದರೂ ತೀರೀತು.

ತಾಯಿತಂದೆಯರಿಗೆ

ಕೆಳಮನೆಯ ತಾಯಿಗೆ ನಾನು ಹೇಳಿದ್ದು ಇಷ್ಟು. ಇಬ್ಬರು ಡಾಕ್ಟರರೂ ಸುಳ್ಳು ಹೇಳಿಲ್ಲ. ಒಬ್ಬರು ಮಾತನ್ನು ನೆನೆದು ಹೇಳಿದರು, ಇನ್ನೊಬ್ಬರು ದವಡೆಯನ್ನು. ವಯಸ್ಸೆಷ್ಟು ಎಂದು ಮಾತ್ರ ಕೇಳಬೇಡಿ. ಯಾವ ಕ್ರಮದಲ್ಲಿ ಹೊಲಿಯುತ್ತೀರಿ, ಎಲುಬು ಎಷ್ಟು ಬೆತ್ತಲೆಯಾಗುತ್ತದೆ, ಇಂಥವನ್ನು ಎಷ್ಟು ಮಾಡಿದ್ದೀರಿ, ಮಾತಿನ ತರಬೇತಿ ಯಾರು ಕೊಡುತ್ತಾರೆ, ಮುಂದೆ ಎಷ್ಟು ವರ್ಷ ನೋಡುತ್ತೀರಿ ಎಂದೂ ಕೇಳಿ. ಅದುವರೆಗೆ ಕೂಸಿನ ತೂಕ ಹೆಚ್ಚಲಿ, ರಕ್ತ ತುಂಬಲಿ. ಮೊಲೆ ಚೀಪಲಾರದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ, ತಲೆಯನ್ನು ಎತ್ತರಿಸಿ ಹಿಡಿದು, ನಮ್ಮ ಅಜ್ಜಿಯಂದಿರ ಒಳಲೆಯಿಂದ ನಿಧಾನವಾಗಿ ಕುಡಿಸಬಹುದು. ಇಂಥ ಮಕ್ಕಳ ಕಿವಿಯೊಳಗೆ ನೀರು ನಿಂತು ಕೇಳುವುದು ಮಂದವಾಗುವುದುಂಟು, ಅದನ್ನೂ ತೋರಿಸಬೇಕು.

ಹೊಲಿಗೆಯಿಂದ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಹಲ್ಲಿನ ವೈದ್ಯ, ಕಿವಿಯ ವೈದ್ಯ, ಮಾತಿನ ತರಬೇತುದಾರ ಎಲ್ಲರೂ ಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ತರಬೇತಿಗೆ ಹೆಸರಾದದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ, ಸೀಳು ಅಂಗುಳಗಳ ಚಿಕಿತ್ಸೆ ಸೇರಿದೆ. ಹಣವಿಲ್ಲವೆಂದು ಯಾರೂ ಕೈಕಟ್ಟಿ ಕೂಡಬೇಕಾಗಿಲ್ಲ. ಇನ್ನು ಪರಸ್ಥಳದಲ್ಲಿರುವ ನಮ್ಮಂಥವರಿಗೆ ಒಂದು ಮಾತು. ಮಗುವಿನ ಮಾತು ಕಷ್ಟವೆಂದು ಮನೆಯಲ್ಲಿ ಕನ್ನಡವನ್ನು ಬಿಡಬೇಕಾಗಿಲ್ಲ. ಉಸಿರನ್ನು ಬಾಯಲ್ಲಿ ಒತ್ತಿ ಹೇಳುವ ಪ, ಬ, ತ, ದ, ಕ, ಗ ಮರಾಠಿ, ತೆಲುಗು, ಹಿಂದಿಗಳಲ್ಲಿಯೂ ಇವೆ. ಬೀದಿಯಲ್ಲಿ ಬೇಕಾಗುವ ಈ ಅಕ್ಷರಗಳನ್ನು ಅಜ್ಜಿಯ ತೊಡೆಯ ಮೇಲೆ ಕನ್ನಡದಲ್ಲಿಯೇ ಕಲಿಯಬಹುದು.

ಆ ಕೂಸಿಗೆ ಒಂಬತ್ತು ತಿಂಗಳಾದಾಗ, ತೂಕ ಸಾಕಷ್ಟು ಬಂದ ಮೇಲೆ, ಶಸ್ತ್ರಕ್ರಿಯೆಯಾಯಿತು. ದವಡೆಯ ಉತ್ತರ ಬರಲು ಇನ್ನೂ ಹದಿನೈದು ವರ್ಷ ಕಾಯಬೇಕು. ಮಾತಿನ ಉತ್ತರ ಮಾತ್ರ ಆಗಲೇ ಬರತೊಡಗಿದೆ. ಮೊನ್ನೆ ಮೆಟ್ಟಲಿಳಿಯುವಾಗ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. ಗ್ರಹಣದ ಸುದ್ದಿ ಎತ್ತಲಿಲ್ಲ. “ಮಾಸ್ತರ, ಕೇಳ್ರಿ ಇಲ್ಲೆ” ಎಂದು ಕೂಸಿನ ಕೈಗೆ ಬಾಳೆಹಣ್ಣು ಕೊಟ್ಟರು. ಕೂಸು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ತುಟಿ ಬಿಗಿದು ಹೇಳಿತು: “ಬಾಯೆ.”

ಳಕಾರ ಇನ್ನೂ ಬಂದಿಲ್ಲ. ಎರಡು ವರ್ಷದ ಯಾವ ಕೂಸಿಗೆ ಬಂದೀತು? ಬಕಾರ ಮಾತ್ರ ಸ್ವಚ್ಛವಾಗಿತ್ತು.